ದಾವಣಗೆರೆಯ ಮೆಕ್ಕೆಜೋಳದ ಮಂಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತಿದ್ದೇವೆ. ಪ್ರಾಜೆಕ್ಟಿನ ಡಾಕ್ಯುಮೆಂಟೇಶನ್, ಅಂದರೆ ಸಾಫ್ಟ್‌ವೇರ್ ಬಗ್ಗೆ ವಿವರಿಸುವ ಬರಹ, ಒಬ್ಬೊಬ್ಬರದು ಒಂದೊಂದು ಥರ ಆಗದಂತೆ ನೋಡಿಕೊಳ್ಳುವುದು ಹೇಗೆ?

ಕೋಡ್ ಇರುವ ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನ) ಫೋಲ್ಡರಿನಲ್ಲೇ ಡಾಕ್ಯುಮೆಂಟನ್ನೂ ಇಡಿ. ಕೋಡ್ ಬದಲಿಸಿದವರೇ, ಅದೇ ಕಮಿಟ್‌ನಲ್ಲಿ, ಅಂದರೆ ಸೇವ್ ಮಾಡುವ ಆ ಒಂದೇ ಕಂತಿನಲ್ಲಿ, ಬರಹವನ್ನೂ ತಿದ್ದಲಿ. ಉಳಿದ ನಿಯಮಗಳೆಲ್ಲ ಇದರ ನಂತರ.

ಬರಹ ಗೂಗಲ್ ಡಾಕ್ಸ್‌ನಲ್ಲೋ ವಾಟ್ಸ್ಆ್ಯಪ್ ಗ್ರೂಪಿನಲ್ಲೋ ಇದ್ದರೆ, ಅದು ಹಳೆಯದಾಗಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೋಡ್ ಜೊತೆಗೇ ಇದ್ದರೆ ಕೋಡ್ ಪರಿಶೀಲಿಸುವವರು ಬರಹವನ್ನೂ ನೋಡುತ್ತಾರೆ. ತಿದ್ದಿಲ್ಲದಿದ್ದರೆ ವಾಪಸ್ ಕಳಿಸಬಹುದು.

ದಾವಣಗೆರೆಯ ಮೆಕ್ಕೆಜೋಳದ ಮಂಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತಿದ್ದೀರಿ ಎಂದಿದ್ದೀರಿ. ತೂಕ ಕ್ವಿಂಟಲ್‌ನಲ್ಲಿ ಹಾಕಿ ಎಂದು ಡಾಕ್ಯುಮೆಂಟಿನಲ್ಲಿ ಬರೆದಿದೆ, ಕೋಡ್ ಮಾತ್ರ ಈಗ ಕೆಜಿ ಕೇಳುತ್ತಿದೆ ಅಂದುಕೊಳ್ಳಿ. ಹೊಸಬರು 45 ಎಂದು ಒತ್ತಿದರೆ 4,500 ಕೆಜಿ ಮಾಲಿಗೆ ಬರೀ 45 ಕೆಜಿ ಬಿಲ್ ಆಗುತ್ತದೆ. ರೈತರ ದುಡ್ಡು ಅಲ್ವಾ ಅದು! ‘ತೂಕ: ಕೆಜಿಯಲ್ಲಿ, ಉದಾಹರಣೆ 4500’ ಎಂಬ ಒಂದು ಸಾಲು ಇದನ್ನು ತಪ್ಪಿಸುತ್ತದೆ.

ಇನ್ನು ರೂಪ. ಒಂದು ಮಾದರಿ ರೀಡ್‌ಮಿ ಫೈಲ್ (ಮೊದಲು ಓದಬೇಕಾದ ಪರಿಚಯದ ಫೈಲ್) ಮಾಡಿ, ಎಲ್ಲರೂ ಅದನ್ನೇ ನಕಲು ಮಾಡಿಕೊಳ್ಳಲಿ: ಇದು ಏನು ಮಾಡುತ್ತದೆ, ಇನ್‌ಸ್ಟಾಲ್ ಹೇಗೆ, ನಿಜವಾಗಿ ಓಡಿಸಿ ನೋಡಿದ ಒಂದು ಉದಾಹರಣೆ. ಸುಮ್ನೆ ಪುಟ ತುಂಬಿಸಬೇಡಿ, ಜಾಸ್ತಿ ಇದ್ದರೆ ಯಾರೂ ತಿದ್ದುವುದಿಲ್ಲ.