ಬಿಪಿಯಿಂದ ಡಿಸೆಬಿಲಿಟಿ 30%, ಆದ್ರೆ 'ಸರ್ವಿಸಿಂದ ಬಂದಿದ್ದಲ್ಲ' ಅಂತ ಮೆಡಿಕಲ್ ಬೋರ್ಡ್ ಬರೆದಿದೆ, ಡಿಸೆಬಿಲಿಟಿ ಪೆನ್ಷನ್‌ಗೆ ಅಪೀಲ್ ಹಾಕಿ ಪ್ರಯೋಜನ ಇದೆಯಾ?

2022ರಲ್ಲಿ ಆರ್ಮಿಯಿಂದ ಹೊರಗ್ ಬಂದೆ, ರಿಜೆಕ್ಷನ್ ಲೆಟರ್ ಹಾಗೇ ಇಟ್ಕೊಂಡಿದೀನಿ ಅಂದ್ರಲ್ಲ, ಅಂಥದೇ ಲೆಟರ್ ನನ್ನ ಟ್ರಂಕಲ್ಲಿ ಏಳು ವರ್ಷ ಬಿದ್ದಿತ್ತು. ನಾನು 1987ರಲ್ಲಿ ಭರ್ತಿ ಆದೋನು, 2004ರಲ್ಲಿ ಲಡಾಖ್‌ನ ಎತ್ತರದ ಜಾಗ ಲೇಹ್‌ನಲ್ಲಿದ್ದಾಗ ಬಿಪಿ ಸಿಕ್ಕಿ ಮೆಡಿಕಲ್ ಕೆಟಗರಿ ಡೌನ್ ಆಯ್ತು, 2009ರಲ್ಲಿ ಹವಾಲ್ದಾರ್ ಆಗಿ ರಿಟೈರ್ ಆದೆ. ರಿಲೀಸ್ ಬೋರ್ಡು, ಅಂದ್ರೆ ಹೊರಗ್ ಬರೋವಾಗ ಚೆಕ್ ಮಾಡೋ ಮೆಡಿಕಲ್ ಬೋರ್ಡು, ಡಿಸೆಬಿಲಿಟಿ 30% ಅಂತ್ಲೂ ಬರೀತು, ಸರ್ವಿಸಿಂದ ಬಂದಿದ್ದೂ ಅಲ್ಲ ಸರ್ವಿಸಿಂದ ಜಾಸ್ತಿ ಆಗಿದ್ದೂ ಅಲ್ಲ ಅಂತ್ಲೂ ಬರೀತು.

ಆರು ತಿಂಗಳೊಳಗೆ ಅಪೀಲ್ ಹಾಕ್ಬಹುದು ಅಂತ ಲೆಟರಲ್ಲೇ ಇತ್ತು. ನಾನು ಹಾಕ್ಲಿಲ್ಲ. ಡಾಕ್ಟ್ರೇ ಬರೆದ್ಮೇಲೆ ಮುಗೀತು ಅಂದ್ಕೊಂಡೆ, ಅದೊಂದು. ಅದಕ್ಕಿಂತ ಜಾಸ್ತಿ ನಾಚಿಕೆ, ಗುಂಡೇಟು ತಿಂದೋರು ಕಾಲು ಕಳ್ಕೊಂಡೋರು ನಿಲ್ಲೋ ಸಾಲಲ್ಲಿ ಬಿಪಿ ಮಾತ್ರೆ ಹಿಡ್ಕೊಂಡು ನಾನು ಹೋಗಿ ನಿಲ್ಲೋದಾ ಅಂತ. 2016ರಲ್ಲಿ ನಮ್ಮ ಯೂನಿಟ್‌ನೋರೊಬ್ರಿಗೆ ಇದೇ ಬಿಪಿಗೆ ಸಿಕ್ಕಿದ್ದು ಗೊತ್ತಾದ್ಮೇಲೆ ಸೈನಿಕರ ಕೇಸ್ ನೋಡೋ ಆರ್ಮ್ಡ್ ಫೋರ್ಸಸ್ ಟ್ರಿಬ್ಯುನಲ್‌ಗೆ ಹೋದೆ, ಗೆದ್ದೆ, ಆದ್ರೆ ಅರಿಯರ್ಸ್ ಕೊಟ್ಟಿದ್ದು ಕೇಸ್ ಹಾಕೋಕೆ ಹಿಂದಿನ ಮೂರು ವರ್ಷಕ್ಕೆ ಮಾತ್ರ. 2009ರಿಂದ 2013ರವರೆಗಿಂದು ಪೂರ್ತಿ ಹೋಯ್ತು. ಮಗಳ ಮದುವೆಗೆ ಸಾಲ ಎತ್ತಿದ್ದು ಅದೇ ನಾಲ್ಕು ವರ್ಷದಲ್ಲಿ.

ಇನ್ನು ನಿಮ್ಮ ಪ್ರಶ್ನೆ. ಬಿಪಿ ಸರ್ವಿಸಿಂದ್ಲೇ ಬಂತು ಅಂತ ಹೇಗೆ ಪ್ರೂವ್ ಮಾಡ್ಲಿ ಅಂತ ಕೇಳಿದೀರ, ಅದು ನಿಮ್ಮ ಕೆಲಸಾನೇ ಅಲ್ಲ. 2013ರಲ್ಲಿ ಧರಮ್‌ವೀರ್ ಸಿಂಗ್ ಅನ್ನೋ ಸಿಪಾಯಿ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಭರ್ತಿ ಟೈಮಲ್ಲಿ ಕಾಯಿಲೆ ನೋಟ್ ಆಗಿಲ್ಲ ಅಂದ್ರೆ ಫಿಟ್ ಆಗೇ ಸೇರಿದ ಅಂತ ಲೆಕ್ಕ, ಸರ್ವಿಸ್‌ಗೆ ಸಂಬಂಧ ಇಲ್ಲ ಅನ್ನೋದಾದ್ರೆ ಬೋರ್ಡೇ ಕಾರಣ ಬರೀಬೇಕು. ಅವರದ್ದು ಮೂರ್ಛೆರೋಗ, 20% ಅಷ್ಟೇ. 30% ಅಂದ್ರೆ ಚಿಲ್ರೆ ಅಂತಾನೂ ಅನ್ಕೋಬೇಡಿ, ಸುಪ್ರೀಂ ಕೋರ್ಟಿನ 2014ರ ರಾಮ್ ಅವತಾರ್ ತೀರ್ಪಾದ್ಮೇಲೆ ನಮ್ಮಂಥ ಪೂರ್ತಿ ಸರ್ವಿಸ್ ಮಾಡಿದೋರಿಗೂ ಪೆನ್ಷನ್ ಲೆಕ್ಕಕ್ಕೆ ಅದು 50% ಅಂತ ರೌಂಡ್ ಆಗುತ್ತೆ, ನಂಗೂ ಹಾಗೇ ಆಯ್ತು. (21-9-2023ರ ನಂತರ ಹೊರಗ್ ಬಂದೋರಿಗೆ ರೂಲ್ಸ್ ಬೇರೆ, ಅವ್ರು ಇದನ್ನ ಓದಿ ಲೆಕ್ಕ ಹಾಕ್ಬೇಡಿ.)

ಲಾಯರ್ ಬೇಕಾ ಬೇಡ್ವಾ ಆಮೇಲೆ ನೋಡಿ. ಇವತ್ತೇ ನಿಮ್ಮ ಸರ್ವಿಸ್ ಪೇಪರ್ ಇಟ್ಕೊಂಡಿರೋ ರೆಕಾರ್ಡ್ ಆಫೀಸ್‌ಗೆ ಆರ್‌ಟಿಐ ಹಾಕಿ ಮೆಡಿಕಲ್ ಬೋರ್ಡ್ ಪೇಪರ್ ಪೂರ್ತಿ ಕಾಪಿ ತರಿಸ್ಕೊಳ್ಳಿ, ಲೇಟಾಗಿದ್ದಕ್ಕೆ ಕಾರಣ ಬರೆದು ಅಪೀಲ್ ಕಳಿಸಿ. ಕಾಪಿ ಬಂದ ತಕ್ಷಣ ಕಾರಣದ ಕಾಲಂ ನೋಡಿ. ನನ್ನದ್ರಲ್ಲಿ ಒಂದೇ ಒಂದು ಸಾಲಿತ್ತು, ಲೇಹ್ ಹೆಸರೇ ಇರ್ಲಿಲ್ಲ, ಕೇಸ್ ನಿಂತಿದ್ದೇ ಅದ್ರ ಮೇಲೆ.