ಊರಿಗೆ ಬಂದ ಮೇಲೆ ಮತ್ತೆ ಚಳಿಜ್ವರ ಯಾಕೆ?

ಪ್ರಶ್ನೆ: ಮಗ ಮಂಗಳೂರಿನಲ್ಲಿ ಕಟ್ಟಡ ಕೆಲಸಕ್ಕಿದ್ದ. ಅಲ್ಲಿ ವೈವ್ಯಾಕ್ಸ್ ಮಲೇರಿಯಾ ಬಂದು ವಾಸಿಯಾಯಿತು. ಊರಿಗೆ ಬಂದು ಎರಡು ತಿಂಗಳಿಗೆ ಮತ್ತೆ ಚಳಿಜ್ವರ. ನಮ್ಮೂರಲ್ಲಿ ಮಲೇರಿಯಾನೇ ಇಲ್ಲ. ನೀರು ಬದಲಾಗಿದ್ದಕ್ಕೆ ಬಂತಾ?

ಉತ್ತರ: ನೀರು ಕುಡಿದು ಮಲೇರಿಯಾ ಬರುವುದಿಲ್ಲ. ಇದನ್ನು ಪ್ರತಿ ಮಳೆಗಾಲದಲ್ಲೂ ಹೇಳುತ್ತಿದ್ದೇನೆ.

ವೈವ್ಯಾಕ್ಸ್ ರೋಗಾಣು ಲಿವರಿನಲ್ಲಿ ಅಡಗಿ ಮಲಗುತ್ತದೆ. ಮೂರು ದಿನ ಕ್ಲೋರೋಕ್ವಿನ್ ನುಂಗಿದರೆ ರಕ್ತದಲ್ಲಿರುವುದು ಸಾಯುತ್ತದೆ, ಜ್ವರ ಇಳಿಯುತ್ತದೆ. ಲಿವರಿನಲ್ಲಿ ಮಲಗಿರುವುದಕ್ಕೆ 14 ದಿನ ಪ್ರೈಮಾಕ್ವಿನ್ ಬೇಕು, ಇಲ್ಲದಿದ್ದರೆ ಅದು ಎದ್ದು ಮತ್ತೆ ಜ್ವರ ತರಬಹುದು. ಮೊನ್ನೆ ಒಬ್ಬ ಹುಡುಗ ಮಾತ್ರೆ ಪಟ್ಟಿ ತಂದು ತೋರಿಸಿದ. ಐದು ಗುಳಿ ಖಾಲಿ, ಒಂಬತ್ತು ಮಾತ್ರೆ ಹಾಗೇ ಇದ್ದವು. "ಜ್ವರ ಬಿಟ್ಟಿತ್ತು, ಊರಿಗೆ ಬಸ್ ಹತ್ತಿಬಿಟ್ಟೆ ಸಾರ್" ಅಂದ. ನಿಮ್ಮ ಮಗನದ್ದೂ ಇದೇ ಕಥೆಯಾ, ಕೇಳಿ ನೋಡಿ.

ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಸಾಮಾನ್ಯವಾಗಿ ಒಂದೆರಡು ಕಿಲೋಮೀಟರ್ ದಾಟಿ ಹೋಗುವುದಿಲ್ಲ. ರೋಗಾಣುವನ್ನು ಘಟ್ಟ ಹತ್ತಿಸುವುದು ನಾವೇ, ನಮ್ಮ ರಕ್ತದಲ್ಲಿ. ಈಗ ನಿಮ್ಮೂರಿನ ಅನಾಫಿಲಿಸ್ ಅವನನ್ನು ಕಚ್ಚಿದರೆ, ಹತ್ತು ಹನ್ನೆರಡು ದಿನದಲ್ಲಿ ರೋಗಾಣು ಅದರೊಳಗೆ ಬಲಿತು ಪಕ್ಕದ ಮನೆಯ ಮಗುವಿಗೆ ದಾಟಬಹುದು. ಅದಕ್ಕೇ ನನಗೆ ಇಷ್ಟು ಆತಂಕ.

ಇವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ರಕ್ತ ಪರೀಕ್ಷೆ ಪುಕ್ಕಟೆ. "ಮಂಗಳೂರಲ್ಲಿದ್ದೆ, ಮಲೇರಿಯಾ ಆಗಿತ್ತು" ಅಂತ ಮೊದಲೇ ಹೇಳಲಿ. ಹೇಳದಿದ್ದರೆ ಟೈಫಾಯಿಡ್ ಅಂತ ವಾರ ಕಳೆದುಹೋಗುತ್ತದೆ. ಪ್ರೈಮಾಕ್ವಿನ್ ಮಾತ್ರ ನೀವಾಗಿಯೇ ಮೆಡಿಕಲ್ ಶಾಪಿನಲ್ಲಿ ಕೇಳಿ ತರಬೇಡಿ. ರಕ್ತಕಣವನ್ನು ಕಾಯುವ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರಿಗೆ ಅದು ರಕ್ತಕಣ ಒಡೆಯುತ್ತದೆ. ಗರ್ಭಿಣಿಯರಿಗೂ ಕೊಡುವ ಹಾಗಿಲ್ಲ. ವಾಸಿಯಾಗುವ ತನಕ ಮಗ ಸೊಳ್ಳೆಪರದೆಯೊಳಗೇ ಮಲಗಲಿ.

ಪ್ರಶ್ನೆ: ಪಪ್ಪಾಯಿ ಎಲೆ ರಸ ಸಾಕಾ?

ಉತ್ತರ: ಸಾಕಾಗಲ್ಲ. ಅದನ್ನು ನಂಬಿಸಿ, ಪರೀಕ್ಷೆಯಿಲ್ಲದೆ ಡ್ರಿಪ್ ಏರಿಸಿ ಕಾಸು ಕೀಳುವವರ ಹತ್ತಿರ ಹೋಗಲೇಬೇಡಿ.

ಪ್ರಶ್ನೆ: ಹೊರರಾಜ್ಯದ ಕೂಲಿಯವರನ್ನು ಕಳಿಸಿದರೆ ಮಲೇರಿಯಾ ಹೋಗುತ್ತಲ್ವಾ?

ಉತ್ತರ: ಇಲ್ಲ. ಹೆದರಿಸಿದರೆ ಜ್ವರ ಮುಚ್ಚಿಡುತ್ತಾರೆ ಅಷ್ಟೆ. ನಿಮ್ಮ ಕಟ್ಟಡದ ತೆರೆದ ತೊಟ್ಟಿ ಮುಚ್ಚಿಸಿ, ಅವರಿಗೂ ರಕ್ತ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಘಾನಾದಿಂದ ಬಂದು ಹತ್ತು ದಿನಕ್ಕೆ ಜ್ವರ. ಹೋಗುವಾಗ ಯೆಲ್ಲೋ ಫೀವರ್ ಲಸಿಕೆ ಹಾಕಿಸಿದ್ದೆ.

ಉತ್ತರ: ಆ ಲಸಿಕೆಗೂ ಮಲೇರಿಯಾಗೂ ಸಂಬಂಧವಿಲ್ಲ. ಅಲ್ಲಿನದು ಹೆಚ್ಚಾಗಿ ಫಾಲ್ಸಿಪಾರಂ ಅನ್ನುವ ಅಪಾಯದ ಮಲೇರಿಯಾ, ತಡ ಮಾಡಿದರೆ ಮಿದುಳಿಗೆ ಏರುತ್ತದೆ. ಬೆಳಗಾಗಲಿ ಅಂತ ಕಾಯಬೇಡಿ. ಈಗಲೇ ದೊಡ್ಡ ಆಸ್ಪತ್ರೆಗೆ ಹೊರಡಿ.