ಆ ಹುಳಕ್ಕೆ ಔಷಧ ಬೇಡ, ಗೋಣಿಚೀಲ ಸಾಕು

ಗೋಕಾಕದ ಅಣ್ಣಾರೇ, ರವದಿ (ಕಬ್ಬಿನ ಒಣ ಎಲೆ) ಕೆಳಗೆ ಸಿಕ್ಕ ಕರಿ ಹುಳದ ಫೋಟೋ ನೋಡಿದೆ. "1306 ಕಾಲಿನ ಅಪರೂಪದ ಸಹಸ್ರಪದಿ ಇದೇನಾ" ಅಂತ ಕೇಳಿದ್ದೀರಿ. ಅದರ ಕೆಳಗೇ "ಎರೆಗೊಬ್ಬರದ ಬೆಡ್ ತುಂಬಾ ಇವೇ ಆಗಿವೆ, ಫೋರೇಟ್ ಉದುರಿಸ್ತೀನಿ" ಅಂತಲೂ ಬರೆದಿದ್ದೀರಿ. ಬೇಡ ಅಣ್ಣಾ, ದಯವಿಟ್ಟು ಬೇಡ. ನಮ್ಮಲ್ಲೂ ಒಂದು ಮಳೆಗಾಲ ಆ ಫೋರೇಟ್ ಕೀಟನಾಶಕದ ಹರಳು ಉದುರಿಸಿದ್ದೆವು. ಸಹಸ್ರಪದಿ ಒಂದಿಷ್ಟು ಸತ್ತವು, ಎರೆಹುಳ ಪೂರ್ತಿ ಹೋದವು, ಬೆಡ್ ನಾರಿತು. ಮೇಲಾಗಿ ಫೋರೇಟ್ 2020ರ ಕೊನೆಗೇ ದೇಶದಲ್ಲಿ ಬಂದ್ ಆಗಿದೆ. ಹಳೇ ಪಾಕೀಟು ಉಳಿದಿದೆ ಅಂತ ಗೊಬ್ಬರಕ್ಕೆ ಸುರಿಯೋದಾ? ಆ ಗೊಬ್ಬರ ನಾಳೆ ಮೆಂತ್ಯದ ಮಡಿಗೇ ಹೋಗೋದು.

ಇನ್ನು ನಿಮ್ಮ ಹುಳ. ಅದು ಅಲ್ಲ. 1306 ಕಾಲಿಂದು ಯುಮಿಲಿಪಿಸ್ ಪರ್ಸೆಫೋನಿ. ಪಶ್ಚಿಮ ಆಸ್ಟ್ರೇಲಿಯಾದ ಗಣಿ ಪ್ರದೇಶದಲ್ಲಿ ನೆಲದಿಂದ 60 ಮೀಟರ್ ಕೆಳಗೆ ಸಿಕ್ಕಿದ್ದು, 2021ರಲ್ಲಿ ಹೆಸರಿಟ್ಟರು. ದಾರದಷ್ಟು ತೆಳ್ಳಗೆ, ಒಂದು ಮಿಲಿಮೀಟರೂ ಅಗಲ ಇಲ್ಲ, ಉದ್ದ ಒಂಬತ್ತೂವರೆ ಸೆಂಟಿಮೀಟರ್. ಕಣ್ಣಿಲ್ಲ, ಬಣ್ಣವೂ ಇಲ್ಲ. ನಿಮ್ಮದು ಬೆರಳು ದಪ್ಪ, ಕರ್ರಗೆ ಮಿಂಚ್ತಿದೆ. ಪರ್ಸೆಫೋನಿಗೂ ಮುಂಚೆ ಅತಿ ಹೆಚ್ಚು ಕಾಲಿನ ದಾಖಲೆ ಇದ್ದಿದ್ದು ಕ್ಯಾಲಿಫೋರ್ನಿಯಾದ ಇಲಾಕ್ಮೆ ಪ್ಲೆನಿಪೆಸ್‌ದು, 750 ಕಾಲು. ಅದನ್ನು 1928ರಲ್ಲಿ ಬರೆದಿಟ್ಟ ಮೇಲೆ 2005ರವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಕಾಲು ಒಂದೊಂದೇ ಎಣಿಸಬೇಡಿ, ಉಂಗುರ ಎಣಿಸಿ. ಉಂಗುರಕ್ಕೆ ನಾಲ್ಕು ಕಾಲು. ತಲೆ ಹತ್ತಿರದ ಮೊದಲ ಉಂಗುರಕ್ಕೆ ಕಾಲಿಲ್ಲ, ಅದರ ಹಿಂದಿನ ಮೂರಕ್ಕೆ ಎರಡೆರಡೇ. ಬಾಲದ ತುದಿಯಲ್ಲೂ ಇರಲ್ಲ. ಪರ್ಸೆಫೋನಿಗೆ 330 ಉಂಗುರ, ಗುಣಿಸಿದರೆ 1320, ಇದ್ದಿದ್ದು 1306. ನಮ್ಮ ಹೊಲದ ದಪ್ಪ ಹುಳಗಳಿಗೆ ಸಾಮಾನ್ಯವಾಗಿ ಇನ್ನೂರು-ಮುನ್ನೂರರೊಳಗೇ. ಮರಿಗಳಿಗೆ ಇನ್ನೂ ಕಡಿಮೆ, ಪೊರೆ ಬಿಟ್ಟ ಹಾಗೆಲ್ಲ ಉಂಗುರ ಕೂಡ್ತಾ ಹೋಗುತ್ತೆ. ಉಂಗುರಕ್ಕೆ ಎರಡೇ ಕಾಲಿದ್ದು ಚುರುಕಾಗಿ ಓಡಿದರೆ ಅದು ಜರಿ, ಕೈ ಹಾಕಬೇಡಿ, ಕಚ್ಚುತ್ತೆ.

ಈಗ ಬೆಡ್‌ನಿಂದ ಸಹಸ್ರಪದಿ ಹೊರಗೆ ತೆಗೆಯೋದು. ಹಳೇ ಗೋಣಿಚೀಲ ನೀರಲ್ಲಿ ಅದ್ದಿ ಹಿಂಡಿ. ತೊಟ್ಟಿಕ್ಕಬಾರದು, ಆದರೆ ಮುಟ್ಟಿದರೆ ಕೈ ತಣ್ಣಗಾಗಬೇಕು. ಒಳಗೆ ಅರ್ಧ ಕೊಳೆತ ರವದಿ ತುಂಬಿ. ಹೊಸ ರವದಿಗೆ ಬರಲ್ಲ, ಅವು ತಿನ್ನೋದೇ ಕೊಳೆತದ್ದು. ನಾನು ಬಾಳೆ ದಿಂಡಿನ ಎರಡು ತುಂಡೂ ಸೇರಿಸ್ತೀನಿ. ಸಂಜೆ ಬೆಡ್ ಮೇಲೆ ಬಾಯಿ ಬಿಚ್ಚಿ ಮಲಗಿಸಿ, ಬೆಳಿಗ್ಗೆ ಬಿಸಿಲು ಏರೋ ಮೊದಲೇ ಎತ್ತಿ ಬಿಳಿ ಪಂಜೆ ಮೇಲೆ ಕೊಡವಿ. ಸುರುಳಿ ಸುತ್ತಿಕೊಂಡು ಉದುರುತ್ತವೆ. ತಡವಾದರೆ ಮತ್ತೆ ಒಳಗೆ ಇಳಿದುಬಿಡ್ತವೆ. ಬರಿಗೈ ಬೇಡ, ಅವು ಬಿಡೋ ರಸ ಚರ್ಮಕ್ಕೆ ಕಲೆ ಮಾಡುತ್ತೆ, ಕಣ್ಣಿಗೆ ತಾಗಿದರೆ ಉರಿ. ಹಿಡಿದದ್ದನ್ನು ಬದುವಿನ ಕಸಕ್ಕೆ ಬಿಡಿ, ಅಲ್ಲಿ ಗೊಬ್ಬರವನ್ನೇ ಮಾಡ್ತವೆ. ಶೇಂಗಾ ಹೊಲದ ಹತ್ತಿರ ಮಾತ್ರ ಬಿಡಬೇಡಿ, ಎಳೆ ಕಾಯಿ ಕೊರೆಯೋದುಂಟು. ಎರೆಹುಳವೂ ಚೀಲಕ್ಕೆ ಬಂದಿರುತ್ತೆ, ಆರಿಸಿ ವಾಪಸ್ ಹಾಕಿ.

ಆಸ್ಟ್ರೇಲಿಯಾದವರು ಮಾಡಿದ್ದೂ ಇದೇ ಉಪಾಯ. ಗಣಿಗೆಂದು ಕೊರೆದಿದ್ದ ತೂತಿನೊಳಗೆ ಒದ್ದೆ ಎಲೆಕಸ ಇಳಿಬಿಟ್ಟು, ಆಮೇಲೆ ಮೇಲೆತ್ತಿ ನೋಡಿದರು. ಇದನ್ನು ಓದಿ ಯಾರೂ ಬತ್ತಿದ ಬೋರ್‌ವೆಲ್ ಬಾಯಿ ತೆರೆಯೋಕೆ ಹೋಗಬೇಡಿ. 2024ರಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಮಗು ಬಿದ್ದದ್ದು ನೆನಪಿದೆ ಅಲ್ವಾ? ಪುಣ್ಯಕ್ಕೆ ಬದುಕಿ ಬಂತು. ಕೇಸಿಂಗ್‌ಗೆ ಮುಚ್ಚಳ ಬಿಗಿದು ವೆಲ್ಡಿಂಗ್ ಮಾಡಿಸಿ, ಕಲ್ಲು ಇಟ್ಟರೆ ಸಾಲದು.

ಬೆಡ್ ಬಗ್ಗೆಯೂ ಒಂದು ಮಾತು. ಸಿಲ್ಪಾಲಿನ್ (ಗಟ್ಟಿ ಪ್ಲಾಸ್ಟಿಕ್ ಹಾಳೆ) ಬೆಡ್ ಒಳ್ಳೇದೇ, ಆದರೆ ತೆಳ್ಳಂದು ತಗೋಬೇಡಿ, 250 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 250 ಗ್ರಾಂ ತೂಗೋದು ಇರಲಿ. ನಿಮ್ಮ ಫೋಟೋದಲ್ಲಿ ಮೂಲೆಯಲ್ಲಿ ನೀರು ನಿಂತಿದೆ. ಅಷ್ಟು ಹಸಿ ಇದ್ದರೆ ಎಷ್ಟು ಹಿಡಿದರೂ ಬರ್ತಾನೇ ಇರ್ತವೆ. ಮೊದಲು ಬಸಿಯೋ ತೂತು ಬಿಡಿಸಿ, ಎರಡು ದಿನ ನೀರು ಹಾಕೋದು ನಿಲ್ಲಿಸಿ, ಆಮೇಲೆ ಚೀಲ ಇಡಿ.